ಇರುವೆ ನುಗ್ಗದ ಮನೆ

ಎತ್ತಪ್ಪ ಮನೆ ಕಟ್ಟಿಸಲಿಲ್ಲ, ಕಟ್ಟಿದ. ಈ ಎರಡಕ್ಕೂ ಅಜಗಜಾಂತರ. ಕಟ್ಟಿಸಿದವನು ತಪ್ಪು ಕಂಡರೆ ಗಾರೆಯವನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ತಾನೇ ಕಲ್ಲು ಹೊತ್ತು, ತಾನೇ ಮಣ್ಣು ತುಳಿದು ಕಟ್ಟಿದವನಿಗೆ ಹಾಗಲ್ಲ. ಯಾರಾದರೂ ಗೋಡೆಯ ಕಡೆ ಬೆರಳು ತೋರಿಸಿದರೆ ಸಾಕು, ಆ ಬೆರಳು ಅವನ ಕಣ್ಣಿಗೇ ಬಂದ ಹಾಗೆ. ಅಂಥವನ ಜೊತೆ ಬಾಳುವೆ ಮಾಡುವುದು ಹೇಗೆಂದು ಅವನ ಹೆಂಡತಿ ಕೆಂಚಕ್ಕನನ್ನು ಕೇಳಬೇಕು.

ಧರ್ಮಪುರದ ಬಸ್ಸು ರಸ್ತೆಯಿಂದ ಒಂದು ಮೈಲಿ ಒಳಗಿದ್ದ ಆ ಹಟ್ಟಿಯಲ್ಲಿ ಅಜ್ಜನ ಕಾಲದಿಂದಲೂ ಹುಲ್ಲಿನ ಗುಡಿಸಲುಗಳೇ. ಕುರಿಗೆ ರೊಪ್ಪ ಗಟ್ಟಿಯಾಗಿದ್ದರೆ ಸಾಕು, ಮನುಷ್ಯರು ಹೇಗೋ ಮಲಗುತ್ತಾರೆ ಎನ್ನುವ ಜನ. ಆದರೆ ಎತ್ತಪ್ಪನಿಗೆ ಅರವತ್ತು ದಾಟಿದ ಮೇಲೆ ಹಠ ಹುಟ್ಟಿತು. ಎರಡು ವರ್ಷ ಶೇಂಗಾ ಕೈ ಹಿಡಿದಿತ್ತು. ಸಂತೆಯಲ್ಲಿ ಯಾರೋ ಅವನನ್ನು ‘ಗುಡಿಸಲು ಎತ್ತಪ್ಪ’ ಎಂದು ಕರೆದಿದ್ದರು. ಎಪ್ಪತ್ತಾರನೇ ಇಸವಿಯ ಸಂಕ್ರಾಂತಿ ಕಳೆದದ್ದೇ ತಡ, ಪಾಯ ತೋಡಿಯೇಬಿಟ್ಟ.

ಮಗ ಕಾಟಲಿಂಗಪ್ಪನಿಗೆ ಸಿಮೆಂಟಿನ ಆಸೆ. ಆಗ ಸಿಮೆಂಟು ಬೇಕೆಂದರೆ ಪರ್ಮಿಟ್ಟು ಬೇಕು. ಹಿರಿಯೂರಿಗೆ ಮೂರು ಸಲ ಹೋಗಿ ಬಂದ, ಮೂರು ಸಲವೂ ‘ಮುಂದಿನ ವಾರ’ ಅನ್ನಿಸಿಕೊಂಡು ಬಂದ. ಎತ್ತಪ್ಪ ನಕ್ಕುಬಿಟ್ಟ.

“ನನ್ನ ಹೊಲದ ಮಣ್ಣಿಗೆ ಯಾವನ ಪರ್ಮಿಟ್ಟೂ ಬ್ಯಾಡ ಕಣೋ. ಎರಡು ಮೊಳ ದಪ್ಪದ ಗೋಡೆ ಎಬ್ಬಿಸ್ತೀನಿ. ಬ್ಯಾಸಿಗೇಲಿ ತಣ್ಣಗೆ, ಚಳೀಲಿ ಬೆಚ್ಚಗೆ. ಸಿಮೆಂಟಿನ ಮನೆಯೋರು ಮಧ್ಯಾಹ್ನ ನಮ್ಮನೆಗೆ ಬಂದು ಮಲಗ್ಬೇಕು, ಹಂಗೆ ಕಟ್ತೀನಿ.”

ಅವನು ಹೇಳಿದ್ದು ಸುಳ್ಳಲ್ಲ. ಹೇಳಿದ ಹಾಗೇ ಕಟ್ಟಿದ. ಕಲ್ಲು ಮಣ್ಣಿನ ಗೋಡೆ ಎದ್ದಿತು. ಕೆಂಚಕ್ಕ ಬಾವಿಯಿಂದ ನೀರು ಹೊತ್ತಳು, ಸೊಸೆ ಚಿತ್ತಮ್ಮ ಹಸುಗೂಸನ್ನು ಬೇವಿನ ಮರದ ಜೋಲಿಯಲ್ಲಿ ಹಾಕಿ ಮಣ್ಣು ತುಳಿದಳು. ಚೈತ್ರದ ಬಿಸಿಲಿಗೆ ಹಟ್ಟಿಯ ನಾಯಿಗಳು ಕೂಡ ಇನ್ನೂ ಸೂರಿಲ್ಲದ ಆ ಗೋಡೆಗಳ ನೆರಳಿಗೆ ಬಂದು ಬಿದ್ದುಕೊಳ್ಳುತ್ತಿದ್ದವು. ಗಾರೆ ಮೆತ್ತುವಾಗ ಎತ್ತಪ್ಪ ಒಂದೊಂದು ಸಂದಿಗೂ ಬೆರಳಿಟ್ಟು ನೋಡುತ್ತಿದ್ದ. “ಇರುವೆ ನುಗ್ಗಬಾರ್ದು, ಇರುವೆ!” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

ಸೂರಿಗೆ ಮಣ್ಣಿನ ಮಾಳಿಗೆ ಹಾಕುವುದು ಮಾತ್ರ ಎಲ್ಲರ ಕೈಗೆ ಬರುವ ಕೆಲಸವಲ್ಲ. ಅದಕ್ಕೆ ಧರ್ಮಪುರದಿಂದ ಓಬಳೇಶಪ್ಪ ಬಂದ. ಬೇವಿನ ತೊಲೆ ಕೂರಿಸಿ, ಅಡ್ಡಕ್ಕೆ ಜಾಲಿಯ ಜಂತೆ ಹಾಸಿ, ಅದರ ಮೇಲೆ ಬಂದರೆ ಗಿಡದ ಸೊಪ್ಪು ತುಂಬಿ, ಇನ್ನೇನು ನೀರಿಳಿಯದ ಚೌಳು ಮಣ್ಣು ಸುರಿಯಬೇಕು ಅನ್ನುವಾಗ ಅವನು ಕೈ ತಡೆದು ಕೇಳಿದ.

“ಎತ್ತಪ್ಪಾ, ಅಡಿಗೆಮನೆಗೆ ಗವಾಕ್ಷಿ ಎಲ್ಲಿ ಬಿಡ್ಲಿ?”

“ಗವಾಕ್ಷಿನೂ ಇಲ್ಲ, ಗಿವಾಕ್ಷಿನೂ ಇಲ್ಲ. ಮುಚ್ಚು.”

ಓಬಳೇಶಪ್ಪ ಕೆಂಚಕ್ಕನ ಮುಖ ನೋಡಿದ. ಅವಳು ತಲೆಯ ಮೇಲಿದ್ದ ಮಣ್ಣಿನ ಬುಟ್ಟಿ ಇಳಿಸಿದಳು.

“ಯಾಕೆ ಬ್ಯಾಡ? ಊರಾಗಿನ ಮಾಳಿಗೆ ಮನೆಗೆಲ್ಲಾ ಬಿಟ್ಟವ್ರೆ. ಹೊಗೆ ಎಲ್ಲಿಗೆ ಹೋಗ್ಬೇಕು?”

“ನಿನ್ನ ಗುಡಿಸಲಿಗೆ ಗವಾಕ್ಷಿ ಇತ್ತೇನೇ? ನಲವತ್ತೈದು ವರ್ಷ ಅಡಿಗೆ ಮಾಡಿದ್ಯಲ್ಲ, ಹೊಗೆ ಎಲ್ಲಿಗೆ ಹೋಯ್ತು?” ಎಂದ ಎತ್ತಪ್ಪ. “ಹೋದ ವರ್ಷ ಹಿಂದ್ಗಡೆ ಮನೆ ಸಿದ್ದಕ್ಕನ ತವರುಮನೇಲಿ ಕಳ್ಳ ಎಲ್ಲಿಂದ ಇಳಿದ? ಗವಾಕ್ಷಿಯಿಂದ. ಮಳೆ ಎಲ್ಲಿಂದ ಸೋರ್ತದೆ? ಗವಾಕ್ಷಿಯಿಂದ. ಗಟ್ಟಿ ಮಾಳಿಗೆ ಹಾಕಿ ನಾನೇ ತೂತು ಬಿಡ್ಲಾ?”

ಗುಡಿಸಲಲ್ಲಿ ಹೊಗೆ ಎಲ್ಲಿಗೆ ಹೋಗುತ್ತಿತ್ತು ಎಂದು ಕೆಂಚಕ್ಕನೂ ಯೋಚಿಸಿರಲಿಲ್ಲ. ಹೋಗುತ್ತಿತ್ತು, ಅಷ್ಟೇ. ಹೋಗಲಿ, ಗೋಡೆಗಾದರೂ ಒಂದು ಕಿಂಡಿ ಇರಲಿ ಎಂದಳು. ಅದಕ್ಕೆ ಅಡ್ಡ ಬಂದವಳು ಸೊಸೆ.

“ಬ್ಯಾಡ ಅತ್ತೆ. ಹಿಂದ್ಗಡೆ ಸಿದ್ದಕ್ಕನ ಹಿತ್ತಲು. ನಾವು ಮುದ್ದೆಗೆ ಏನು ನೆಂಚ್ಕಂತೀವಿ ಅಂತ ದಿನಾ ಬಗ್ಗಿ ನೋಡ್ತಾಳೆ. ಉಣ್ಣೋದ್ರ ಮೇಲೆ ಕಣ್ಣು ಬಿದ್ರೆ ಮೈಗೆ ಹತ್ತಲ್ಲ.”

ಕಾಟಲಿಂಗಪ್ಪನ ಮನಸ್ಸೆಲ್ಲ ಮುಂದಿನ ಗೋಡೆಯ ಮೇಲಿತ್ತು. ಹಿರಿಯೂರಿನಿಂದ ಕಬ್ಬಿಣದ ಸರಳಿನ ಕಿಟಕಿ ತಂದು ನಡುಮನೆಗೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಕೂರಿಸಿದ. ನೋಡುವವರಿಗೆ ಕಿಟಕಿ ಆಯಿತು, ಬೇಯಿಸುವವರಿಗೆ ಗೋಡೆ ಉಳಿಯಿತು. ಮೂವರೂ ಒಂದು ಕಡೆಯಾದ ಮೇಲೆ ಕೆಂಚಕ್ಕ ಬುಟ್ಟಿಯನ್ನು ಮತ್ತೆ ತಲೆಗೆ ಏರಿಸಿಕೊಂಡಳು. ಆ ದಿನ ಬಾಯಿ ಮುಚ್ಚಿಕೊಂಡದ್ದಕ್ಕೆ ಅವಳು ಆಮೇಲೆ ತನ್ನನ್ನೇ ಬೈದುಕೊಂಡದ್ದು ಒಂದೆರಡು ಸಲವಲ್ಲ.

ವೈಶಾಖದಲ್ಲಿ ಹಾಲು ಉಕ್ಕಿಸಿದರು. ಹೊಸ ಒಲೆ, ಹೊಸ ಮಡಕೆ, ಅಡಿಗೆಮನೆಯ ತುಂಬ ನೆಂಟರು. ಹಾಲು ಉಕ್ಕಿದಾಗ ಎಲ್ಲರ ಕಣ್ಣಲ್ಲೂ ನೀರು. ಎತ್ತಪ್ಪನ ಅಕ್ಕ ಮೂಗು ಒರೆಸಿಕೊಳ್ಳುತ್ತಾ, “ಎಂಥಾ ಮನೆ ಕಟ್ದೆ ನನ್ನಪ್ಪಾ, ಸಂತೋಷಕ್ಕೆ ಕಣ್ಣೀರು ನಿಲ್ತಾನೇ ಇಲ್ಲ” ಎಂದಳು. ಎತ್ತಪ್ಪ ಉಬ್ಬಿಹೋದ. ಆಕೆ ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂತ ಮೇಲೆ ಸಂತೋಷ ನಿಂತಿತು.

ಬೇಸಿಗೆ ಹೇಗೋ ಕಳೆಯಿತು. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಂಡರು, ಯಾರಿಗೂ ಅದು ಹೆಚ್ಚೆನಿಸಲಿಲ್ಲ. ಮನೆಯಂತೂ ನಿಜವಾಗಿಯೂ ತಣ್ಣಗಿತ್ತು. ಮಧ್ಯಾಹ್ನ ಹಟ್ಟಿಯ ಅರ್ಧ ಜನ ನಡುಮನೆಯಲ್ಲಿ ಕಂಬಳಿ ಹಾಸಿ ಮಲಗುತ್ತಿದ್ದರು. ಎತ್ತಪ್ಪ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅವರ ಗೊರಕೆ ಕೇಳಿ ಖುಷಿಪಡುತ್ತಿದ್ದ.

ಆಷಾಢ ಬಂತು. ಆ ಸೀಮೆಯ ಆಷಾಢದ ಗಾಳಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಪಡುವಣದಿಂದ ಹಗಲೂ ರಾತ್ರಿ ಒಂದೇ ಸಮನೆ ಬೀಸುತ್ತದೆ, ಜೊತೆಗೆ ಜಿಟಿಜಿಟಿ ಹನಿ. ಹಿತ್ತಲಿನ ಒಲೆ ಹೊತ್ತಲಿಲ್ಲ. ಹೊತ್ತಿದರೂ ಬೆಂಕಿ ಮಡಕೆಯ ಕಡೆ ಹೋಗದೆ ಸಿದ್ದಕ್ಕನ ಬೇಲಿಯ ಕಡೆ ಹೋಯಿತು. ಒಲೆ ಒಳಗೆ ಬಂತು, ಹಸಿ ಜಾಲಿಮುಳ್ಳು ಒಳಗೆ ಬಂತು, ಬಾಗಿಲು ಮುಚ್ಚಿತು. ಹೊಗೆ ಮೇಲೆದ್ದು ಮಾಳಿಗೆಗೆ ಬಡಿದು, ನಾಲ್ಕೂ ಮೂಲೆಗೆ ಹರಡಿ, ದಾರಿ ಕಾಣದೆ ಮತ್ತೆ ಕೆಳಗಿಳಿದು ಮುದ್ದೆ ತಿರುವುವವರ ಎದೆಯೊಳಗೆ ಹೊಕ್ಕಿತು. ಅಲ್ಲಿಂದ ನಡುಮನೆಗೆ ಬಂತು.

ಚಿತ್ತಮ್ಮನ ಎಂಟು ತಿಂಗಳ ಹೆಣ್ಣುಮಗು ಜುಂಜಮ್ಮ ಕೆಮ್ಮತೊಡಗಿದ್ದು ಆಷಾಢದ ಎರಡನೇ ವಾರ. ಮೊದಲು ಕೆಮ್ಮು, ಆಮೇಲೆ ಉಸಿರಿಗೊಂದು ಸಿಳ್ಳೆ. ನಾಲ್ಕನೇ ದಿನ ಮಗು ಹಾಲು ಬಿಟ್ಟಿತು, ಪಕ್ಕೆ ಒಳಗೆ ಸೆಳೆಯತೊಡಗಿತು. ಕೆಂಚಕ್ಕನೂ ಚಿತ್ತಮ್ಮನೂ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಹಿರಿಯೂರಿನ ಆಸ್ಪತ್ರೆಗೆ ಓಡಿದರು. ಐದು ದಿನ ಅಲ್ಲೇ ಇದ್ದರು. ಹೊರಡುವಾಗ ಡಾಕ್ಟರು ಕಂಬಳಿಯನ್ನು ಮೂಸಿ ನೋಡಿದರು.

“ಏನಮ್ಮ ಇದು, ಕೂಸನ್ನ ಒಲೆಯೊಳಗೆ ಮಲಗಿಸ್ತೀರೇನು? ಎದೆಯೆಲ್ಲಾ ಹೊಗೆ. ಈ ಸಲ ಉಳೀತು. ಇನ್ನೊಂದು ಸಲ ಹಿಂಗೇ ಆದ್ರೆ ನನ್ನ ಕೈಲಿ ಆಗಲ್ಲ.”

ಬಸ್ಸಿನಲ್ಲಿ ಬರುವಾಗ ಚಿತ್ತಮ್ಮ ಅಳುತ್ತಿದ್ದಳು. “ಕಿಂಡಿ ಬ್ಯಾಡ ಅಂದೋಳು ನಾನೇ ಅತ್ತೆ.”

“ಅಂದೆ. ಆಯ್ತು. ಅತ್ತು ಹಾಲು ಬತ್ತಿಸ್ಕಬ್ಯಾಡ” ಎಂದಳು ಕೆಂಚಕ್ಕ. ಅವಳಿಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ. ಎತ್ತಪ್ಪನ ಮೇಲೆ ಎಷ್ಟಿತ್ತು ಎಂದರೆ, ಅದರಲ್ಲಿ ಇನ್ನೊಬ್ಬರಿಗೆ ಹಂಚುವುದಕ್ಕೆ ಉಳಿದಿರಲಿಲ್ಲ.

ಅವತ್ತು ಊಟದ ಹೊತ್ತಿಗೆ ಮಾತು ಎದ್ದಿತು. ಹುರುಳಿ ಸಾರು ಬಡಿಸುತ್ತಾ ಕೆಂಚಕ್ಕ ಡಾಕ್ಟರು ಹೇಳಿದ್ದನ್ನು ಹೇಳಿದಳು. ಎತ್ತಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಹಂಗಾದ್ರೆ ಸೊಸೇನೂ ಕೂಸೂ ಶ್ರೀರಾಂಪುರಕ್ಕೆ ಹೋಗ್ಲಿ. ತವರುಮನೇಲಿ ಎರಡು ತಿಂಗಳು ಇದ್ದು, ಗಾಳಿ ನಿಂತ ಮ್ಯಾಲೆ ಬರ್ಲಿ.”

“ಹೊಗೆ ಇರ್ಬೇಕು, ಕೂಸು ಹೋಗ್ಬೇಕು? ಇದ್ಯಾವ ಸೀಮೆ ನ್ಯಾಯ?”

“ಮತ್ತೇನು ಮಾಡ್ಬೇಕಂತಿ?”

“ಮಾಳಿಗೆಗೆ ಗವಾಕ್ಷಿ ಹೊಡಿ.”

ಎತ್ತಪ್ಪನ ಕೈಯ ತುತ್ತು ಸಾರಿನೊಳಗೆ ಬಿತ್ತು. “ತುಂಬಿದ ಮಾಳಿಗೆಗೆ ಹಾರೆ ಹಾಕಿದ್ರೆ ಮನೆ ಯಜಮಾನನ ತಲೆಗೆ ಹಾಕ್ದಂಗೆ. ಗೊತ್ತಿಲ್ವೇನೇ ನಿಂಗೆ? ನಾನು ಸಾಯ್ಲಿ ಅಂತೀಯಾ?”

ಕೆಂಚಕ್ಕ ಸೌಟು ಹಿಡಿದು ನಿಂತೇ ಇದ್ದಳು. ಆ ಮಾತನ್ನು ಅವಳು ನಂಬುತ್ತಿರಲಿಲ್ಲ ಎಂದಲ್ಲ. ಅವಳ ತಾಯಿಯೂ ಹೇಳುತ್ತಿದ್ದಳು. ನಲವತ್ತೈದು ವರ್ಷ ಬಾಳಿದ ಗಂಡನ ತಲೆಯ ಮಾತು ಅದು. ಅಷ್ಟರಲ್ಲಿ ನಡುಮನೆಯಿಂದ ಮಗು ಕೆಮ್ಮಿತು.

ಕಾಟಲಿಂಗಪ್ಪ ಇಬ್ಬರ ನಡುವೆ ರಾಜಿ ಹುಡುಕಿದ. ಗ್ರಾಮಸೇವಕರು ಯಾವಾಗಲೋ ಹೊಗೆಯಿಲ್ಲದ ಒಲೆಯ ವಿಷಯ ಹೇಳಿದ್ದರು. ಒಲೆಯ ಹಿಂಬದಿಗೆ ತಗಡಿನ ಕೊಳವೆ ಕೂರಿಸಿ, ಮಾಳಿಗೆಯ ಮೇಲಕ್ಕೆ ಆಳುದ್ದ ಎತ್ತಬೇಕು ಎಂದಿದ್ದರು. ಕಾಟಲಿಂಗಪ್ಪ ಕೊಳವೆ ತಂದ. ಮಾಳಿಗೆ ಮುಟ್ಟುವ ಧೈರ್ಯ ಇರಲಿಲ್ಲವಲ್ಲ, ಒಲೆಯ ಹಿಂದಿನ ಪಡುವಣ ಗೋಡೆಯನ್ನೇ ಅರ್ಧ ದಿನ ಕೊರೆದು ಕೊಳವೆಯನ್ನು ಅಡ್ಡಕ್ಕೆ ಹೊರಗೆ ಬಿಟ್ಟ. ಅದಕ್ಕೆ ಎತ್ತಪ್ಪನೂ ಒಪ್ಪಿದ, ಗೋಡೆಗೆ ತಾನೇ ಎಂದ.

ಚಿತ್ತಮ್ಮ ಒಲೆ ಹಚ್ಚಿದಳು. ಹೊಗೆ ಕೊಳವೆಯೊಳಗೆ ಹೋಯಿತು. ಕಾಟಲಿಂಗಪ್ಪ ಹಲ್ಲು ಕಿರಿದ. ಅಷ್ಟರಲ್ಲಿ ಪಡುವಣದ ಗಾಳಿ ಹೊರಗಿನಿಂದ ಕೊಳವೆಗೆ ಬಾಯಿ ಹಚ್ಚಿ ಊದಿತು. ಹೋದ ಹೊಗೆ, ಅದರ ಜೊತೆಗೆ ಬೂದಿ, ಬೂದಿಯ ಜೊತೆಗೆ ಕಿಡಿ, ಎಲ್ಲ ಒಲೆಯ ಬಾಯಿಂದ ಭುಸ್ಸೆಂದು ಈಚೆ ಬಂದವು. ಸಾರಿನ ಮಡಕೆಯೊಳಗೆ ಹಿಡಿ ಬೂದಿ. ಕಾಟಲಿಂಗಪ್ಪನ ಹುಬ್ಬು ಸುಟ್ಟಿತು.

“ಅಜ್ಜನ ಕಾಲದಿಂದ ಕುರಿ ಹಿಂದೆ ತಿರುಗಿದ ವಂಶ” ಎಂದಳು ಕೆಂಚಕ್ಕ, ಮಗನ ಮುಖಕ್ಕೆ ಮಜ್ಜಿಗೆ ಹಚ್ಚುತ್ತಾ. “ಆಷಾಢದಾಗೆ ಕುರಿ ಕೂಡ ಪಡುವಣಕ್ಕೆ ಮುಖ ಹಾಕಿ ನಿಲ್ಲಲ್ಲ. ಕುರಿಗಿರೋ ಬುದ್ಧಿ ನಿಂಗಿಲ್ವಲ್ಲೋ!”

ಕೊಳವೆ ಕಿತ್ತು ಎಸೆದರು. ಗೋಡೆಯ ತೂತಿಗೆ ಗೋಣಿ ತುರುಕಿದರು. ಎತ್ತಪ್ಪ, “ತೂತು ಅಂದ್ರೆ ಇಷ್ಟೇ ಕಣ್ರಿ, ನೋಡಿದ್ರಲ್ಲ” ಎಂದು ಗೆದ್ದವನ ಹಾಗೆ ಎದ್ದು ಹೋದ.

ಮಾರನೆಯ ಬೆಳಗ್ಗೆ ಕೆಂಚಕ್ಕ ಒಲೆ ಹಚ್ಚಲಿಲ್ಲ. ಮುದ್ದೆಯ ಮಡಕೆ, ಕೋಲು, ರಾಗಿ ಹಿಟ್ಟು, ಸೊಸೆ, ಮೊಮ್ಮಗು, ಎಲ್ಲವನ್ನೂ ಹೊರಡಿಸಿಕೊಂಡು ಹಳೆಯ ಗುಡಿಸಲಿಗೆ ನಡೆದಳು. ಅದನ್ನು ಕುರಿಮರಿ ಕೂಡಿಹಾಕಲು ಇಟ್ಟುಕೊಂಡಿದ್ದರು. ಮರಿಗಳನ್ನು ಒಂದು ಪಕ್ಕಕ್ಕೆ ಒತ್ತಿ ಒಲೆ ಹೂಡಿದಳು. ಗಾಳಿ ಎಷ್ಟು ಬೀಸಿದರೂ ಗುಡಿಸಲೊಳಗೆ ಕಣ್ಣುರಿ ಇರಲಿಲ್ಲ. ಕೆಂಚಕ್ಕ ಹೊರಗೆ ಬಂದು ಮೊದಲ ಸಲ ತನ್ನ ಗುಡಿಸಲನ್ನು ಕಣ್ಣಿಟ್ಟು ನೋಡಿದಳು. ಹುಲ್ಲಿನ ಮೂಡಣ ಮಗ್ಗುಲಿನಲ್ಲಿ, ಗಾಳಿಗೆ ಬೆನ್ನಾದ ಕಡೆ, ಎತ್ತರದಲ್ಲಿ ಹೊಗೆ ಸಣ್ಣಗೆ ಸೋಸಿ ಹೊರಗೆ ಬರುತ್ತಿತ್ತು. ಕೆಳಗಿನ ತಡಿಕೆಯ ಸಂದಿಯಲ್ಲಿ ಗಾಳಿ ಒಳಗೆ ಹೋಗುತ್ತಿತ್ತು.

“ನೋಡಿಲ್ಲಿ ಚಿತ್ತಮ್ಮ” ಎಂದು ಸೊಸೆಯನ್ನು ಕರೆದಳು. “ಇದು ತಾನೇ ಉಸಿರಾಡ್ತೈತೆ. ಅದಕ್ಕೇ ನಾವು ಯಾವತ್ತೂ ಕಿಂಡಿ ಕೇಳ್ಲಿಲ್ಲ. ಆವಪ್ಪ ಅಲ್ಲಿ ಎಲ್ಲಾ ಸಂದೀನೂ ಮೆತ್ತಿ ಮನೆ ಮೂಗು ಮುಚ್ಚಿಬಿಟ್ಟ.”

ಮಧ್ಯಾಹ್ನ ಗಂಡಸರು ಹೊಲದಿಂದ ಬಂದರೆ ಹೊಸ ಮನೆಯ ಒಲೆ ತಣ್ಣಗಿತ್ತು. ಗುಡಿಸಲ ಬಾಗಿಲಿಂದ ಕೆಂಚಕ್ಕ ಕೂಗಿದಳು.

“ಉಂಬೋರು ಇಲ್ಲಿಗೇ ಬರ್ರಿ. ಬಗ್ಗಿ ಬರ್ರಿ, ತಲೆ ಹೊಡೀತದೆ.”

ಮೊದಲ ದಿನ ಎತ್ತಪ್ಪ ಹೋಗಲಿಲ್ಲ. ಎರಡನೆಯ ದಿನ ಹೋದ. ಹನಿಯಲ್ಲಿ ನೆನೆಯುತ್ತಾ, ಕುರಿಮರಿಗಳ ನಡುವೆ ತಟ್ಟೆ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಉಂಡ. ಒಂದು ಮರಿ ಅವನ ಪಂಚೆ ಜಗಿಯಿತು. ಹಟ್ಟಿಯಲ್ಲಿ ಮಾತಾಗದೆ ಇರುತ್ತದೆಯೇ? “ಎತ್ತಪ್ಪಣ್ಣಾ, ಮಾಳಿಗೆ ಮನೆ ಕುರಿಗೋ, ಗುಡಿಸಲು ನಿಮಗೋ?” ಎಂದು ಸಿದ್ದಕ್ಕ ಬೇಲಿಯ ಆಚೆಯಿಂದ ಕೇಳಿದಳು. ಹೀಗೆ ಒಂಬತ್ತು ದಿನ ನಡೆಯಿತು. ಮಗುವಿನ ಸಿಳ್ಳೆ ಕಡಿಮೆಯಾಯಿತು, ಹಾಲು ಕುಡಿಯಿತು. ಎತ್ತಪ್ಪ ಅದನ್ನೂ ನೋಡುತ್ತಿದ್ದ, ಆದರೆ ಅವನ ಕಿವಿಯಲ್ಲಿ ಸಿದ್ದಕ್ಕನ ಮಾತೇ ಇತ್ತು.

ಈ ನಡುವೆ ಕೆಂಚಕ್ಕ ಸುಮ್ಮನೆ ಕೂತಿರಲಿಲ್ಲ. ದಿನವೂ ಬೆಳಗ್ಗೆ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡವಿಟ್ಟ ಸಗಣಿ ಕುಳ್ಳು ತೆಗೆದುಕೊಂಡು ಹೊಸ ಅಡಿಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಕುಳ್ಳು ಹೊಗೆಯಾಡುತ್ತಿತ್ತು, ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಅಂಗಾತ ಮಲಗಿ ಮಾಳಿಗೆ ನೋಡುತ್ತಿದ್ದಳು. ಮನೆಗೆ ಧೂಪ ಹಾಕುತ್ತಿದ್ದಾಳೆ, ಮುದುಕಿಗೆ ಏನೋ ಬಡಿದಿದೆ ಎಂದರು ಹಟ್ಟಿಯವರು. ಅವಳಿಗೆ ಬೇಕಾದ್ದು ಕಂಡಿತ್ತು. ಮಾಳಿಗೆ ನೀರು ಹರಿಯಲೆಂದು ಪಡುವಣಕ್ಕೆ ಸ್ವಲ್ಪ ಇಳಿಜಾರಾಗಿತ್ತು. ಹೊಗೆ ಎಲ್ಲಿಂದ ಎದ್ದರೂ ಕೊನೆಗೆ ಮೂಡಣದ ಎತ್ತರಕ್ಕೆ, ನಡುಗೋಡೆಯ ಪಕ್ಕಕ್ಕೆ ಹೋಗಿ ಗುಂಪುಗೂಡುತ್ತಿತ್ತು. ಅಲ್ಲಿ ಗವಾಕ್ಷಿ ಬಿಟ್ಟರೆ ಹೊಗೆ ಹೋಗುತ್ತದೆ, ಹನಿ ಬಿದ್ದರೂ ಒಲೆಗೆ ಬೀಳುವುದಿಲ್ಲ. ಗೋಡೆಯ ತೂತಿನ ಗೋಣಿ ಕಿತ್ತು ನೋಡಿದಳು. ಅಲ್ಲಿಂದ ಗಾಳಿ ನುಗ್ಗಿ ಹೊಗೆಯನ್ನು ಆ ಕಡೆಗೇ ಅಟ್ಟಿತು. ಆದರೆ ಅಟ್ಟಿಸಿಕೊಂಡ ಹೊಗೆಗೆ ಅಲ್ಲಿ ಬಾಗಿಲಿರಲಿಲ್ಲ.

ಧರ್ಮಪುರದ ಸಂತೆಗೆ ಹೋಗಿ ಓಬಳೇಶಪ್ಪನನ್ನು ಹಿಡಿದಳು.

“ನಾನು ಹಾಕಿದ ಮಾಳಿಗೆಗೆ ನಾನೇ ಹಾರೆ ಹಾಕಲ್ಲ ಕೆಂಚಕ್ಕ” ಎಂದ ಅವನು. “ಎತ್ತಪ್ಪ ನನ್ನ ಹಟ್ಟಿಗೇ ಸೇರ್ಸಲ್ಲ.”

“ನೀನು ಹಾಕ್ಬ್ಯಾಡ. ಹೆಂಗೆ ಹಾಕ್ಬೇಕು ಅಂತ ಹೇಳು.”

ಓಬಳೇಶಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ತೊಲೆ ಮುಟ್ಬ್ಯಾಡ. ಎರಡನೇ ತೊಲೆ ಮೂರನೇ ತೊಲೆ ನಡುವೆ, ಎರಡೇ ಎರಡು ಜಂತೆ ಕತ್ತರಿಸು. ತಳ ಒಡೆದ ಗಡಿಗೆ ಬೋರಲು ಕೂರಿಸಿ ಸುತ್ತ ಚೌಳು ಮಣ್ಣು ಮೆತ್ತು. ಪಡುವಣದ ಕಡೆ ಒಂದು ಚಪ್ಪಡಿ ನಿಲ್ಲಿಸು, ಗಾಳಿ ಒಳಕ್ಕೆ ಬಡಿಯಲ್ಲ. ನಾನು ಹೇಳ್ದೆ ಅನ್ಬ್ಯಾಡ.”

ಅವಳು ಸಂತೆಯಿಂದ ಬರುವಷ್ಟರಲ್ಲಿ ಎತ್ತಪ್ಪ ತನ್ನ ಆಟ ಆಡಿದ್ದ. ಹಳೆಯ ಗುಡಿಸಲಿನ ಹುಲ್ಲನ್ನೆಲ್ಲ ಕಿತ್ತು ಕೆಳಗೆ ಹಾಕಿದ್ದ. ಬರೀ ಗಳಗಳು ನಿಂತಿದ್ದವು. ಮರಿಗಳು ನೆನೆಯುತ್ತಾ ಅರಚುತ್ತಿದ್ದವು. ಚಿತ್ತಮ್ಮ ಕೂಸನ್ನು ಎದೆಗವಚಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು.

“ಈಗ ಎಲ್ಲಿ ಬೇಯಿಸ್ತೀಯೋ ನೋಡ್ತೀನಿ” ಎಂದ ಎತ್ತಪ್ಪ. “ಮನೆ ಅಂತ ಒಂದು ಕಟ್ಟೀನಿ. ಅದ್ರಾಗೆ ಒಲೆ ಹಚ್ಚು.”

ಕೆಂಚಕ್ಕ ಸಂತೆಯ ಗಂಟು ಬಿಚ್ಚಿ ಎಲ್ಲರಿಗೂ ಹುರಿಗಡಲೆ, ಮಂಡಕ್ಕಿ ಹಂಚಿದಳು. ಅಂದಿನ ಊಟ ಅದೇ.

ಬೆಳಗ್ಗೆ ಹನಿ ಬಿಟ್ಟಿತ್ತು, ಗಾಳಿ ಬಿಟ್ಟಿರಲಿಲ್ಲ. ಕೆಂಚಕ್ಕ ಸೀರೆಯನ್ನು ಕಚ್ಚೆಯ ಹಾಗೆ ಎತ್ತಿ ಕಟ್ಟಿ, ಗೋಡೆಗೆ ಏಣಿ ಒರಗಿಸಿದಳು. ಹಾರೆ, ಕೊಡಲಿ ಮೊದಲು ಮೇಲೆ ಹೋದವು, ಹಿಂದೆ ಅವಳು ಹೋದಳು. ಅರವತ್ತರ ಹತ್ತಿರದ ಮೊಣಕಾಲು ಒಂದೊಂದು ಮೆಟ್ಟಿಲಿಗೂ ಲೊಟಕ್ ಎಂದಿತು. ಮಾಳಿಗೆಯ ಮೇಲೆ ನಿಂತಾಗ ಗಾಳಿ ಅವಳನ್ನು ತಳ್ಳಿತು. ಒಂದು ಗಳಿಗೆ ಕೂತುಬಿಟ್ಟಳು. ಕೆಳಗೆ ಯಾವ ತೊಲೆ ಎಲ್ಲಿದೆ ಎಂದು ಮೇಲಿನಿಂದ ತಿಳಿಯುವುದಾದರೂ ಹೇಗೆ? ಎಲ್ಲ ಕಡೆಯೂ ಒಂದೇ ಬಿಳಿ ಮಣ್ಣು.

ಆಗ ಕಾಲಿನ ಕೆಳಗೆ ಟಕ್ ಎಂದಿತು. ಮತ್ತೆ ಟಕ್ ಟಕ್.

ಚಿತ್ತಮ್ಮ ಅಡಿಗೆಮನೆಯಲ್ಲಿ ಒರಳನ್ನು ಉರುಳಿಸಿ ಅದರ ಮೇಲೆ ಹತ್ತಿ, ಒನಕೆಯಿಂದ ಮಾಳಿಗೆ ಕುಟ್ಟುತ್ತಿದ್ದಳು. ಜಾಗವನ್ನು ಅತ್ತೆ ರಾತ್ರಿ ಹೇಳಿದ್ದಳು, ಕುಟ್ಟು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. “ಇಲ್ಲಿ ಅತ್ತೆ! ಎರಡು ತೊಲೆ ನಡುವೆ ಇಲ್ಲಿ!” ಎಂದು ಒಳಗಿನಿಂದ ಕೂಗಿದಳು. ಕೆಂಚಕ್ಕ ಸದ್ದು ಬಂದ ಕಡೆ ತೆವಳಿ ಹೋಗಿ ಅಂಗೈ ಇಟ್ಟಳು. ಒನಕೆ ಅಂಗೈಗೆ ತಾಗಿದ ಹಾಗೆ ಮಣ್ಣು ಅದುರಿತು.

ಮೊದಲ ಏಟು ಬೀಳುವಷ್ಟರಲ್ಲಿ ಎತ್ತಪ್ಪ ರೊಪ್ಪದಿಂದ ಓಡಿ ಬಂದ. ಹಟ್ಟಿಯೂ ಅವನ ಹಿಂದೆ ಬಂತು.

“ಇಳಿಯೇ ಕೆಳಗೆ! ಇಳೀತೀಯೋ ಇಲ್ವೋ?”

“ಇಳೀತೀನಿ. ಕೆಲಸ ಆಗ್ಲಿ.”

“ಏಯ್ ಕಾಟಲಿಂಗ, ಏಣಿ ತೆಗಿಯೋ!”

ಕಾಟಲಿಂಗಪ್ಪ ಏಣಿಗೆ ಎರಡೂ ಕೈ ಹಾಕಿದ. ಹುಬ್ಬಿನ ಗಾಯ ಇನ್ನೂ ಮಾಸಿರಲಿಲ್ಲ. ಅಪ್ಪನನ್ನೊಮ್ಮೆ ನೋಡಿದ, ಮಾಳಿಗೆಯನ್ನೊಮ್ಮೆ ನೋಡಿದ. ಹಾಕಿದ ಕೈ ತೆಗೆಯಲಿಲ್ಲ, ಏಣಿಯನ್ನೂ ತೆಗೆಯಲಿಲ್ಲ. ಅದು ಗಾಳಿಗೆ ಜಾರದ ಹಾಗೆ ಗಟ್ಟಿಯಾಗಿ ಒತ್ತಿ ಹಿಡಿದು ನಿಂತ.

“ನಾನು ಸತ್ರೆ ನಿಂಗೆ ಚೆಂದವೇನೇ ಕೆಂಚೀ?” ಎತ್ತಪ್ಪನ ದನಿ ಒಡೆದಿತ್ತು. ನಿಜವಾದ ಹೆದರಿಕೆ ಅದು, ನಾಟಕವಲ್ಲ.

ಕೆಂಚಕ್ಕನಿಗೂ ಹೆದರಿಕೆಯಿತ್ತು. ಆದರೂ ಹಾರೆ ಕೆಳಗಿಡಲಿಲ್ಲ.

“ಕೇಳಪ್ಪಾ” ಎಂದಳು, ಹಟ್ಟಿಗೆಲ್ಲ ಕೇಳುವ ಹಾಗೆ. “ತೂತು ಹೊಡೆದ್ರೆ ನೀನು ಸಾಯ್ತೀಯ ಅಂತ ನಿಮ್ಮವ್ವ ನಮ್ಮವ್ವ ಹೇಳವ್ರೆ. ಇರ್ಬೋದು, ಇಲ್ದಿರ್ಬೋದು. ತೂತು ಹೊಡೀದಿದ್ರೆ ಈ ಕೂಸು ಸಾಯ್ತದೆ ಅಂತ ಡಾಕ್ಟ್ರು ಹೇಳವ್ರೆ. ನಾನು ಕಣ್ಣಾರೆ ಕಂಡೀನಿ ಅದ್ರ ಪಕ್ಕೆ ಒಳಕ್ಕೆ ಹೋಗಿದ್ದು. ನಿಂಗೆ ಅರವತ್ತೆರಡು. ಅದಕ್ಕೆ ಎಂಟು ತಿಂಗಳು. ದೇವ್ರು ತಗಳೋದೇ ಆದ್ರೆ ಸಾಲಿನಾಗೆ ಮೊದಲು ನಿಂತೋರ್ನ ತಗಳ್ಳಿ. ನಿನ್ನ ಹಿಂದೆ ನಾನೂ ನಿಂತೀನಿ.”

ಹಾರೆ ಮತ್ತೆ ಬಿತ್ತು. ಮಣ್ಣು ಎದ್ದಿತು, ಸೊಪ್ಪು ಎದ್ದಿತು, ಕೊಡಲಿಯಿಂದ ಎರಡು ಜಂತೆ ಕತ್ತರಿಸಿದಳು. ಎರಡೇ ಎರಡು. ಕೊನೆಗೆ ಒಂದು ಹೆಂಟೆ ಕುಸಿದು ಕೆಳಗೆ ಬಿದ್ದಾಗ, ಮೊರದಷ್ಟು ಅಗಲದ ಬೆಳಕಿನಲ್ಲಿ ಚಿತ್ತಮ್ಮನ ಮುಖ ಕಂಡಿತು. ತಲೆಯ ತುಂಬ ಮಣ್ಣು, ನಗುತ್ತಿದ್ದಳು.

ಗಡಿಗೆ ಕೂರಿಸಿ, ಚಪ್ಪಡಿ ನಿಲ್ಲಿಸಿ, ಮಣ್ಣು ಮೆತ್ತಿ ಕೆಂಚಕ್ಕ ಇಳಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಎತ್ತಪ್ಪ ಜಗಲಿಯ ಮೇಲೆ ಮುಖ ತಿರುಗಿಸಿ ಕೂತಿದ್ದ.

“ಮಳೆ ಜೋರಾಗಿ ಬಂದ್ರೆ?”

“ಮ್ಯಾಲೆ ಒಂದು ಮುಚ್ಚಳ ಹಾಕ್ತೀನಿ.”

“ಕಳ್ಳ ಬಂದ್ರೆ?”

“ಆ ತೂತಿನಾಗೆ ಇಳಿಯೋವಷ್ಟು ಸಣಕಲ ಕಳ್ಳ ಬಂದ್ರೆ, ಪಾಪ, ಅವನಿಗೂ ಒಂದು ಮುದ್ದೆ ಇಕ್ತೀನಿ.”

ಹಟ್ಟಿ ನಕ್ಕಿತು. ಎತ್ತಪ್ಪ ನಗಲಿಲ್ಲ. “ನಾನು ಈ ಮನೇಲಿ ಉಣ್ಣಲ್ಲ” ಎಂದ.

“ಹಂಗಾದ್ರೆ ಒಂದು ಮುದ್ದೆ ಕಮ್ಮಿ ಮಾಡ್ತೀವಿ” ಎಂದು ಕೆಂಚಕ್ಕ ಒಳಗೆ ಹೋದಳು.

ಗೋಡೆಯ ತೂತಿನ ಗೋಣಿ ತೆಗೆದು ಒಲೆ ಹಚ್ಚಿದರು. ಹಸಿ ಜಾಲಿ ಮೊದಲು ಮುನಿಸಿಕೊಂಡು ಹೊಗೆಯಾಡಿತು. ಹೊಗೆ ಎದ್ದು ಅಡ್ಡಾಡಿ, ನಡುಗೋಡೆಯ ಪಕ್ಕಕ್ಕೆ ಹೋಗಿ, ಗಡಿಗೆಯೊಳಗೆ ನುಗ್ಗಿ ಹೊರಟುಹೋಯಿತು. ಎಲ್ಲವೂ ಅಲ್ಲ. ಕಣ್ಣು ಸ್ವಲ್ಪ ಉರಿಯುತ್ತಿತ್ತು, ಬೆಳಕಿನ ಜೊತೆ ಒಂದಿಷ್ಟು ಧೂಳೂ ಇಳಿಯುತ್ತಿತ್ತು. ಆದರೂ ಆ ಮನೆಗೆ ಬಂದ ಮೇಲೆ ಮೊದಲ ಸಲ ಕೆಂಚಕ್ಕ ಮುದ್ದೆ ಬೆಂದಿದೆಯೇ ಎಂದು ಬೆರಳಿಂದಲ್ಲ, ಕಣ್ಣಿಂದ ನೋಡಿದಳು. ಚಿತ್ತಮ್ಮ ಜೋಲಿಯನ್ನು ಅಡಿಗೆಮನೆಯ ಬಾಗಿಲಿಗೇ ಕಟ್ಟಿದ್ದಳು. ಮಗು ನಿದ್ದೆ ಮಾಡುತ್ತಿತ್ತು.

ಚಿತ್ತಮ್ಮ ಮುದ್ದೆ ಕಟ್ಟಿದಳು. ಒಂದು, ಎರಡು, ಮೂರು. ಮೂರಕ್ಕೇ ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಮಡಕೆಯ ತಳದಲ್ಲಿ ಇನ್ನೊಂದಕ್ಕಾಗುವಷ್ಟು ಹಿಟ್ಟು ಉಳಿದಿತ್ತು.

“ಅದನ್ನ ಮುಚ್ಚಿಡು” ಎಂದಳು ಕೆಂಚಕ್ಕ. “ಬಂದು ಕೇಳಿದ್ರೆ ಬಿಸಿಬಿಸಿ ಕಟ್ಟಿಕ್ಕು. ಕೇಳೋಗಂಟ ಇಕ್ಬ್ಯಾಡ.”

ಕಾಟಲಿಂಗಪ್ಪ ತಟ್ಟೆಯ ಮುಂದೆ ಕೂತು ಕೈ ಹಾಕದೆ ಜಗಲಿಯ ಕಡೆ ನೋಡುತ್ತಿದ್ದ. “ಅಪ್ಪ ಇನ್ನೂ ಉಂಡಿಲ್ಲ ಅವ್ವಾ” ಎಂದ.

ಕೆಂಚಕ್ಕ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ಮದುವೆಯಾಗಿ ಬಂದಂದಿನಿಂದ ಗಂಡ ಉಂಡು ಕೈ ತೊಳೆಯುವವರೆಗೆ ಅವಳು ತುತ್ತು ಬಾಯಿಗಿಟ್ಟವಳಲ್ಲ, ಹೊಲದಲ್ಲಿ ಹಸಿದು ಕಣ್ಣುಕತ್ತಲೆ ಬಂದಾಗಲೂ ಇಟ್ಟವಳಲ್ಲ. ಅಳುಕಿತ್ತು. ಹೊಟ್ಟೆ ಹಸಿದಿತ್ತು. ಹಸಿವೇ ದೊಡ್ಡದು ಅನ್ನಿಸಿತು.

ಮುದ್ದೆ ಮುರಿದು, ಸಾರಿಗೆ ಅದ್ದಿ, ಮೊದಲ ತುತ್ತನ್ನು ನುಂಗಿದಳು.